ಕಲಾ ಸಂಸ್ಥೆ ನಡೆಸುವವರಿಗೆ ಬೀದರಿನಲ್ಲಿ ಮೂರು ದಿನದ ನಾಯಕತ್ವ ಶಿಬಿರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ನಾಟಕ ತಂಡ, ಸಂಗೀತ ಶಾಲೆ, ದೊಡ್ಡಾಟದ ಮೇಳ, ತತ್ವಪದದ ಬಳಗ, ಚಿತ್ರಕಲಾ ಸಂಸ್ಥೆ ನಡೆಸುವವರಿಗಾಗಿ ನಾವು ಏರ್ಪಡಿಸುವ ವಸತಿ ಶಿಬಿರದ ಬಗ್ಗೆ ಫೋನು, ವಾಟ್ಸ್‌ಆ್ಯಪ್‌ಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಹೆಸರು ಕೊಡುವ ಮೊದಲು ಒಮ್ಮೆ ಪೂರ್ತಿ ಓದಿ.

ಶಿಬಿರ ಯಾರಿಗಾಗಿ? ನಾನು ಅಧ್ಯಕ್ಷನಲ್ಲ, ಬರೀ ಕಾರ್ಯದರ್ಶಿ. ಬರಬಹುದೇ?

ಬರಬೇಕು. ನಮ್ಮ ಕಡೆಯ ಸಂಸ್ಥೆಗಳಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಊರಿನ ಹಿರಿಯರೊಬ್ಬರು ಇರುತ್ತಾರೆ. ರಂಗಮಂದಿರ ಬುಕ್ ಮಾಡುವುದು, ಇಲಾಖೆಗೆ ಅರ್ಜಿ ಹಾಕುವುದು, ತಬಲಾದವರನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಮನೆಗೆ ಹೋಗುವುದು ಇನ್ಯಾರೋ. ಶಿಬಿರ ಇರುವುದೇ ಆ ಓಡಾಡುವವರಿಗಾಗಿ. ಅವರು ಕಾರ್ಯದರ್ಶಿ ಇರಲಿ, ಖಜಾಂಚಿ ಇರಲಿ, ಸಂಸ್ಥಾಪಕರ ಸೊಸೆ ಇರಲಿ. ಸಂಸ್ಥೆ ನೋಂದಣಿಯಾಗಿರಬೇಕು, ಲಾಭಕ್ಕಾಗಿ ನಡೆಯುವಂಥದ್ದಾಗಿರಬಾರದು, ಮತ್ತು ಅಲ್ಲಿಂದ ಇಬ್ಬರು ಬರಬೇಕು.

ಇಬ್ಬರು ಯಾಕೆ ಕಡ್ಡಾಯ? ಒಬ್ಬರು ಬಂದು ಕಲಿತು ಉಳಿದವರಿಗೆ ಹೇಳಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ನಾವು ಯಾವ ಕಾರಣಕ್ಕೂ ಸಡಿಲಿಸದ ನಿಯಮ ಇದೊಂದೇ.

ಈ ಮೂರು ಜಿಲ್ಲೆಗಳಲ್ಲಿ ಕಲೆಗೆ ಬರವಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಊರೂರಿಗೆ ಇದ್ದಾರೆ, ಮೊಹರಂ ಪದಗಳಿವೆ, ಸುರಪುರದ ಚಿತ್ರಶೈಲಿ ಇದೆ, ಬೀದರಿನ ಬಿದ್ರಿ ಕರಕುಶಲವಿದೆ. ಕಲಬುರಗಿಯಲ್ಲಿ ರಂಗಾಯಣವಿದೆ, ಡಾ. ಎಸ್.ಎಂ. ಪಂಡಿತ ರಂಗಮಂದಿರವಿದೆ. ಇಷ್ಟಿದ್ದೂ ಸಂಸ್ಥೆಗಳು ಬಾಗಿಲು ಹಾಕುತ್ತವೆ. ಬಹಳ ಸಲ ಅದಕ್ಕೆ ಕಾರಣ ಹಣದ ಕೊರತೆಗಿಂತ ಹೆಚ್ಚಾಗಿ, ಎಲ್ಲವೂ ಒಬ್ಬರ ತಲೆಯಲ್ಲಿ, ಒಬ್ಬರ ಫೋನಿನಲ್ಲಿ, ಒಬ್ಬರ ಸಹಿಯಲ್ಲಿ ಇದ್ದದ್ದು. ಅವರು ಹಾಸಿಗೆ ಹಿಡಿದರೆ, ಮಗನ ಹತ್ತಿರ ಪುಣೆಗೆ ಹೋದರೆ, ಸಂಸ್ಥೆಯೂ ಅವರ ಜೊತೆ ಹೋಗುತ್ತದೆ. ಉಳಿದವರಿಗೆ ಬ್ಯಾಂಕ್ ಖಾತೆ ಯಾವ ಶಾಖೆಯಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

ಹಾಗಾಗಿ ಎರಡನೆಯವರು ವಯಸ್ಸಿನಲ್ಲಿ ನಿಮಗಿಂತ ಸಾಕಷ್ಟು ಚಿಕ್ಕವರಾಗಿರಲಿ. ನೀವು ಹೇಳಿದ್ದಕ್ಕೆಲ್ಲ ಹೂಂ ಅನ್ನುವವರನ್ನು ಹುಡುಕಿ ತರಬೇಡಿ. ತಾಲೀಮಿನಲ್ಲಿ ನಿಮಗೆ ಎದುರು ಮಾತಾಡುವ ಒಬ್ಬರು ಇದ್ದೇ ಇರುತ್ತಾರೆ, ಅವರು ಬಂದರೆ ಒಳ್ಳೆಯದು.

ನಾಟಕ, ಸಂಗೀತ ಏನಾದರೂ ಕಲಿಸುತ್ತೀರಾ?

ಇಲ್ಲ. ಅದು ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಮೂರು ದಿನ ಅಲ್ಲೇ ಇರಬೇಕೇ? ದಿನಕ್ಕೊಂದು ಕಾರ್ಯಾಗಾರದಂತೆ ಕಲಬುರಗಿಯಲ್ಲೇ ಮಾಡಬಾರದೇ?

ಊರಲ್ಲೇ ಮಾಡಿದರೆ ಹನ್ನೊಂದು ಗಂಟೆಗೆ ಫೋನು ಬರುತ್ತದೆ: "ಸರ, ಡಿಸಿ ಆಫೀಸಿಗೆ ಸ್ವಲ್ಪ ಬಂದು ಹೋಗ್ರಿ." ಊಟದ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಸಂಸ್ಥೆ ನಡೆಸುವವರಿಗೆ ಯಾರೂ ಕರೆಯದ ಮೂರು ದಿನ ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಇನ್ನೊಂದು ಕಾರಣ ರಾತ್ರಿಯ ಮಾತು. ನಿಜವಾದ ತೊಂದರೆಗಳನ್ನು ಯಾರೂ ಮೈಕ್ ಹಿಡಿದು ಹೇಳುವುದಿಲ್ಲ. ಊಟವಾಗಿ, ಹೊರಗೆ ಚಾಪೆ ಹಾಕಿಕೊಂಡು ಕೂತಾಗ ಬೀದರಿನವರು ಹೇಳಿದ್ದು ಸುರಪುರದವರ ಕಥೆಯೂ ಆಗಿರುತ್ತದೆ. ಆಗ ಬಾಯಿ ಬಿಡುತ್ತಾರೆ.

ಹಾಗಾದರೆ ಮೂರು ದಿನ ಏನು ನಡೆಯುತ್ತದೆ?

ಮೊದಲ ದಿನ ಸಂಜೆ ಚೀಲ ಬಿಚ್ಚುತ್ತೇವೆ. ಪ್ರತಿಯೊಬ್ಬ ಕಾರ್ಯದರ್ಶಿಗೂ ಒಂದು ಚೀಲವಿರುತ್ತದಲ್ಲ, ಅದೇ. ಅದರಲ್ಲಿರುವುದನ್ನೆಲ್ಲ ಚಾಪೆಯ ಮೇಲೆ ಹರಡಬೇಕು. ರಬ್ಬರ್ ಸೀಲು, ಲೆಟರ್‌ಹೆಡ್, ಚೆಕ್ ಬುಕ್, ನಡಾವಳಿ ಪುಸ್ತಕ, ಅರ್ಧ ತುಂಬಿದ ರಶೀದಿ ಪುಸ್ತಕ, ವೇಷಭೂಷಣದ ಟ್ರಂಕಿನ ಕೀಲಿ, ನೋಂದಣಿ ಪತ್ರದ ಮಡಿಕೆ ಬಿದ್ದ ಜೆರಾಕ್ಸ್, ಹಳೆಯ ಪೆನ್‌ಡ್ರೈವ್. ಒಂದೊಂದರ ಮುಂದೆಯೂ ಜೊತೆಗೆ ಬಂದ ಕಿರಿಯರು ಒಂದು ಚೀಟಿ ಇಡುತ್ತಾರೆ: ಇದನ್ನು ಇನ್ನು ಯಾರು ಬಳಸಬಲ್ಲರು? ಯಾರೂ ಇಲ್ಲವೆಂದರೆ ಚೀಟಿ ಖಾಲಿ. ಕೊನೆಗೆ ಫೋನಿನ ಸರದಿ. ಆದಾಯ ತೆರಿಗೆ ಪೋರ್ಟಲ್, ಸೇವಾ ಸಿಂಧು, ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಿಸುವ ನೀತಿ ಆಯೋಗದ ದರ್ಪಣ್, ಬ್ಯಾಂಕು, ಇವುಗಳ ಒಟಿಪಿ ಯಾರ ನಂಬರಿಗೆ ಬರುತ್ತದೆ? ಐದು ವರ್ಷದ ಹಿಂದೆ ಸಂಸ್ಥೆ ಬಿಟ್ಟು ಹೋದ ಹುಡುಗನ ನಂಬರಿಗೆ ಬರುತ್ತಿರುವುದೂ ಉಂಟು. ಈ ಒಂದು ಸಂಜೆಯಲ್ಲಿ ಸಂಸ್ಥೆಯ ಸ್ಥಿತಿ ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಕಣ್ಣೆದುರು ಬರುತ್ತದೆ.

ಎರಡನೆಯ ದಿನ ಬೆಳಿಗ್ಗೆ ಪೂರ್ತಿ ಲೆಕ್ಕ. ಅದರ ಬಗ್ಗೆ ಮುಂದೆ ಬರೆದಿದ್ದೇವೆ. ಮಧ್ಯಾಹ್ನ ಬಿದ್ರಿ ಕುಶಲಕರ್ಮಿಗಳ ಕಾರ್ಖಾನೆಗೆ ಹೋಗುತ್ತೇವೆ, ಕೊಳ್ಳಲಿಕ್ಕಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವವರು ಒಬ್ಬರು. ಉಳಿಯಿಂದ ಹೂಬಳ್ಳಿ ಕೆತ್ತುವವರು ಮತ್ತೊಬ್ಬರು. ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವವರು ಇನ್ನೊಬ್ಬರು. ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಪಾತ್ರೆಗೆ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಲ್ಲಿ ಒಂದು ಗಂಟೆ ಮೌನವಾಗಿ ಕೂತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ದಾಟುವಾಗ ಏನು ಹೇಳುತ್ತಾರೆ, ಏನು ಹೇಳದೆ ಬಿಡುತ್ತಾರೆ, ತಪ್ಪಿದರೆ ಯಾರು ತಿದ್ದುತ್ತಾರೆ ಎಂದು ಬರೆದುಕೊಳ್ಳಬೇಕು. ರಾತ್ರಿ ಅದರ ಮೇಲೆಯೇ ಮಾತು.

ಮೂರನೆಯ ದಿನ ಇಬ್ಬರೂ ಕೂತು ಆರು ತಿಂಗಳ ಕಾಗದ ಬರೆಯುತ್ತಾರೆ. ಯಾವ ಕೆಲಸ ಯಾವ ತಾರೀಖಿನಿಂದ ಕಿರಿಯರ ಕೈಗೆ ಹೋಗುತ್ತದೆ ಎಂಬುದು ಅದರಲ್ಲಿ ಇರಬೇಕು. ಸಹಿಯ ಅಧಿಕಾರ ಅದರಲ್ಲಿ ಸೇರಿರಲೇಬೇಕು. ಸಹಿ ಬಿಡದೆ ಕೆಲಸ ಮಾತ್ರ ಕೊಟ್ಟರೆ ಅವರು ಆಳಾಗಿ ಉಳಿಯುತ್ತಾರೆ.

ಕಲಾವಿದರಿಗೆ ಲೆಕ್ಕ ಯಾಕೆ? ಅದನ್ನು ಆಡಿಟರ್ ನೋಡಿಕೊಳ್ಳುತ್ತಾರಲ್ಲ?

ಆಡಿಟರ್ ನೋಡುವುದು ನೀವು ಬರೆದದ್ದನ್ನು. ನೀವು ಬರೆಯದೆ ಬಿಟ್ಟದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ಒಂದು ಉದಾಹರಣೆ. ದೊಡ್ಡಾಟದ ಒಂದು ಪ್ರಯೋಗಕ್ಕೆ ₹40,000 ಬರುತ್ತದೆ ಎಂದುಕೊಳ್ಳೋಣ. ಮೈಕು, ಲೈಟು, ಪರದೆಗೆ ₹12,000. ಕಲಾವಿದರ ಗೌರವಧನ ₹18,000. ಟೆಂಪೋ ₹6,000. ಊಟ, ಚಹಾ ₹4,000. ಹಾಳೆಯ ಮೇಲೆ ಸರಿಯಾಗಿ ಹೊಂದಿತು, ಎಲ್ಲರಿಗೂ ಸಮಾಧಾನ. ಆದರೆ ಹದಿನೈದು ದಿನದ ತಾಲೀಮಿಗೆ ಬಂದ ಹಾರ್ಮೋನಿಯಂ ಮಾಸ್ತರರಿಗೆ ಕೊಟ್ಟದ್ದೆಲ್ಲಿ? ಕಿರೀಟಕ್ಕೆ ಬಣ್ಣ ಹೊಡೆಸಿದ್ದು? ಟೆಂಪೋ ರಾತ್ರಿ ನಿಂತದ್ದಕ್ಕೆ ಮೇಲಿಂದ ಕೊಟ್ಟದ್ದು? ಇಲಾಖೆಗೆ ಓಡಾಡಿದ ಬಸ್ ಚಾರ್ಜು? ಕೇಳಿದರೆ ಒಂದೇ ಉತ್ತರ: "ಅದ ನಾ ಕೈಲಿಂದ ಹಾಕ್ದೆರಿ." ಹೀಗೆ ಕೈಯಿಂದ ಹಾಕಿದ್ದು ₹9,000 ಆದರೆ, ನಿಮ್ಮ ಪ್ರಯೋಗದ ನಿಜವಾದ ಖರ್ಚು ₹49,000. ನೀವು ಮುಂದಿನ ವರ್ಷವೂ ₹40,000ಕ್ಕೇ ಅರ್ಜಿ ಹಾಕುತ್ತೀರಿ, ಕೊಡುವವರೂ ಅಷ್ಟಕ್ಕೇ ಆಗುತ್ತದೆ ಎಂದುಕೊಳ್ಳುತ್ತಾರೆ. ನಿಮ್ಮ ನಂತರ ಬರುವ ಹುಡುಗಿಯ ಕೈಯಲ್ಲಿ ಹಾಕಲು ಆ ಒಂಬತ್ತು ಸಾವಿರ ಇರುವುದಿಲ್ಲ. ಹಿರಿಯರ ತ್ಯಾಗದ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಪುಸ್ತಕದಲ್ಲಿ ಏರದ ತ್ಯಾಗ ಸಂಸ್ಥೆಗೆ ಕಡೆಗೆ ಹೊರೆಯೇ ಆಗುತ್ತದೆ.

ಆದ್ದರಿಂದ ಕೈಯಿಂದ ಹಾಕಿದ್ದನ್ನು ದೇಣಿಗೆಯೆಂದು ರಶೀದಿ ಹರಿಯಿರಿ, ಇಲ್ಲವೇ ಸಾಲವೆಂದು ತೋರಿಸಿ. ₹20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ. 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ) ಇದ್ದರೂ ₹2,000 ಮೀರಿದ ನಗದು ದೇಣಿಗೆಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಸಿಗುವುದಿಲ್ಲ. ದಾನಿಗಳಿಗೆ ಇದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ನಮ್ಮದು ಸಂಘ. ಟ್ರಸ್ಟ್ ಮಾಡಿಕೊಳ್ಳುವುದು ಒಳ್ಳೆಯದೇ?

ಜಗಳ ಬೇಡವೆಂದು ಟ್ರಸ್ಟ್ ಮಾಡಿಕೊಳ್ಳುವವರು ಬಹಳ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘಕ್ಕೆ ಕನಿಷ್ಠ 7 ಸದಸ್ಯರು ಬೇಕು, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಆಗಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಟ್ರಸ್ಟಿನಲ್ಲಿ ಚುನಾವಣೆಯ ತಾಪತ್ರಯವಿಲ್ಲ, ಟ್ರಸ್ಟ್ ಡೀಡ್ ಹೇಳಿದಂತೆ ನಡೆಯುತ್ತದೆ. ಅನುಕೂಲವೇನೋ ಹೌದು, ಆದರೆ ಗಂಡ, ಹೆಂಡತಿ, ತಮ್ಮ ಸೇರಿದ ಟ್ರಸ್ಟನ್ನು ಊರವರು ತಮ್ಮದೆಂದು ಎಂದೂ ತಿಳಿಯುವುದಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಊರಿನ ಕಲಾ ಸಂಸ್ಥೆಗೆ ಸಂಘವೇ ಮೇಲು. ಸಭೆಯಲ್ಲಿ ನಾಲ್ಕು ಮಾತು ಕೇಳಬೇಕಾಗುತ್ತದೆ, ಕೇಳೋಣ.

ಯಾವುದೇ ಇರಲಿ, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ) ಮತ್ತು 80ಜಿ ಒಮ್ಮೆ ಮಾಡಿಸಿ ಮರೆಯುವ ಕಾಲ ಹೋಯಿತು. ಈಗ ಅವುಗಳಿಗೆ ಅವಧಿಯಿದೆ, ಸಾಮಾನ್ಯವಾಗಿ 5 ವರ್ಷ; 2025ರ ಏಪ್ರಿಲ್‌ನಿಂದ ಸಣ್ಣ ಸಂಸ್ಥೆಗಳ 12ಎಗೆ 10 ವರ್ಷವೂ ಸಿಗುತ್ತದೆ. ಮುಗಿಯುವ 6 ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹೋಗಿರಬೇಕು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ನಿಮ್ಮ ಸಿಎ ಹತ್ತಿರ ಕೂತು ನಿಮ್ಮ ಪತ್ರಗಳ ಕೊನೆಯ ತಾರೀಖು ಯಾವುದೆಂದು ಬರೆಸಿಕೊಂಡೇ ಶಿಬಿರಕ್ಕೆ ಬನ್ನಿ.

ಸಿಮೆಂಟ್ ಕಂಪನಿಗಳಿಂದ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡಿಸುತ್ತೀರಾ?

ಕೊಡಿಸುವುದಿಲ್ಲ. ಕೇಳುವ ದಾರಿ ಹೇಳುತ್ತೇವೆ. ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2% ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಗಳಿಗೆ ಎನ್ನುವ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಮತ್ತು ಸಾಂಪ್ರದಾಯಿಕ ಕಲೆ, ಕರಕುಶಲಗಳ ಅಭಿವೃದ್ಧಿಯೂ ಸೇರಿವೆ. ಕಂಪನಿ ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಸುತ್ತಿನವರು ಈ ಸಾಲನ್ನು ಗಟ್ಟಿ ಹಿಡಿಯಿರಿ. ಹಣ ಪಡೆಯುವ ಸಂಸ್ಥೆಗೆ 12ಎ, 80ಜಿ, ಮೂರು ವರ್ಷದ ಕೆಲಸದ ದಾಖಲೆ ಮತ್ತು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಇರಬೇಕು.

ಕಂಪನಿಯವರು ಶಾಲೆ, ನೀರು, ಆಸ್ಪತ್ರೆಗೆ ಕೊಡಲು ಮುಂದೆ ಬರುತ್ತಾರೆ, ನಾಟಕವೆಂದರೆ ಹಿಂಜರಿಯುತ್ತಾರೆ. ಹಾಗೆಂದು ನಿಮ್ಮ ಕೆಲಸಕ್ಕೆ ಇಲ್ಲದ ಬಣ್ಣ ಬಳಿಯಬೇಡಿ. ಮಕ್ಕಳ ಕನ್ನಡ ಓದಿಗೆ ರಂಗಭೂಮಿಯಿಂದ ಏನಾಗುತ್ತದೆ ಎಂದು ನಿಮ್ಮ ಊರಿನ ಶಾಲೆಯಲ್ಲಿ ಒಂದು ವರ್ಷ ಮಾಡಿ ತೋರಿಸಿ, ಆ ದಾಖಲೆ ಹಿಡಿದು ಹೋಗಿ.

ನಮ್ಮ ಸಂಸ್ಥೆಗೆ ಮುಂದೆ ನನ್ನ ಮಗ ಇದ್ದಾನೆ. ಅವನನ್ನೇ ಕರೆತಂದರೆ ನಡೆಯುತ್ತದೆಯೇ?

ಮಗನಿಗೆ ಆಸಕ್ತಿ ಇದ್ದರೆ ಖಂಡಿತ. ಬರೀ ಮಗ ಎಂಬ ಕಾರಣಕ್ಕೆ ಬೇಡ. ಅವನ ಮನಸ್ಸು ಹೈದರಾಬಾದಿನ ಕೆಲಸದ ಮೇಲಿದ್ದರೆ ಅವನನ್ನು ಕಟ್ಟಿಹಾಕಿದಂತಾಗುತ್ತದೆ, ಇತ್ತ ಹತ್ತು ವರ್ಷದಿಂದ ಪರದೆ ಎಳೆದ ಹುಡುಗನ ಮನಸ್ಸೂ ಮುರಿಯುತ್ತದೆ.

ನಾವು ಇರುವುದು ಕಲ್ಯಾಣದ ನೆಲದಲ್ಲಿ. ಬಸವಕಲ್ಯಾಣ ಇದೇ ಬೀದರ್ ಜಿಲ್ಲೆಯದು. ಅನುಭವ ಮಂಟಪದ ಶೂನ್ಯ ಸಿಂಹಾಸನದಲ್ಲಿ ಅಲ್ಲಮಪ್ರಭು ಕೂತರು, ಅವರ ನಂತರ ಚೆನ್ನಬಸವಣ್ಣ, ಅವರ ನಂತರ ಸೊನ್ನಲಿಗೆಯ ಸಿದ್ಧರಾಮ ಎಂದು ಪರಂಪರೆ ಹೇಳುತ್ತದೆ. ತಂದೆಯಿಂದ ಮಗನಿಗೆ ಇಳಿದ ಪೀಠವಲ್ಲ ಅದು. ಬಸವಣ್ಣನವರೇ ಆ ಪೀಠದಲ್ಲಿ ಕೂರಲಿಲ್ಲ ಎಂಬುದನ್ನೂ ಸಂಸ್ಥೆ ಕಟ್ಟಿದವರು ಯೋಚಿಸಬೇಕು. ಇತ್ತೀಚಿನ ಉದಾಹರಣೆ ಬೇಕೆಂದರೆ ಹೆಗ್ಗೋಡಿನ ನೀನಾಸಮ್ ಇದೆ. 1949ರಲ್ಲಿ ಶುರುವಾದ ರಂಗಸಂಸ್ಥೆ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ರಂಗಶಿಕ್ಷಣ ನಿಲ್ಲಲಿಲ್ಲ, ಊರೂರಿಗೆ ಹೋಗಿ ನಾಟಕ ಆಡುವ ತಿರುಗಾಟವೂ ನಡೆದುಕೊಂಡು ಬಂತು. ಅಲ್ಲಿ ಮಗ ಕೆ.ವಿ. ಅಕ್ಷರ ಅವರ ಪಾತ್ರ ದೊಡ್ಡದು, ನಿಜ. ಆದರೆ ಅವರು ರಂಗಭೂಮಿಯನ್ನು ಕಲಿತು ಬಂದ ಮಗ, ಮತ್ತು ಅಲ್ಲಿ ಶಿಕ್ಷಕರು, ನಟರು, ಊರವರು ಎಲ್ಲರ ಕೈಯೂ ಮೊದಲಿನಿಂದಲೇ ಸೇರಿತ್ತು.

ಪದಾಧಿಕಾರಿಗಳ ನಡುವೆ ಮಾತುಕತೆ ನಿಂತಿದೆ. ಇಂಥವರು ಬಂದರೆ ಶಿಬಿರದಲ್ಲಿ ಪಂಚಾಯಿತಿ ಮಾಡುತ್ತೀರಾ?

ನ್ಯಾಯ ಹೇಳುವುದು ನಮ್ಮ ಕೆಲಸವಲ್ಲ. ಬೈಲಾ (ಸಂಘದ ನಿಯಮಾವಳಿ) ತೆಗೆದು ಒಟ್ಟಿಗೆ ಓದಿಸುತ್ತೇವೆ. ಜಗಳದ ಅರ್ಧ ಪಾಲು ಬೈಲಾದಲ್ಲಿ ಮೊದಲೇ ಉತ್ತರವಿದ್ದ ವಿಷಯಗಳ ಮೇಲೆಯೇ ಇರುತ್ತದೆ. ಕೋರ್ಟಿನಲ್ಲಿ ಪ್ರಕರಣ ನಡೆಯುತ್ತಿದ್ದರೆ ಮಾತ್ರ ಅದು ಮುಗಿದ ಮೇಲೆ ಬನ್ನಿ.

ಹೆಣ್ಣುಮಕ್ಕಳಿಗೆ ವ್ಯವಸ್ಥೆ ಹೇಗೆ? ಚಿಕ್ಕ ಮಗುವಿದೆ.

ಬೇರೆ ಕೋಣೆ, ಬೇರೆ ಬಚ್ಚಲು, ಒಳಗಿನಿಂದ ಚಿಲಕ. ಮಗುವನ್ನು ಕರೆತನ್ನಿ, ನೋಡಿಕೊಳ್ಳಲು ನಿಮ್ಮ ಅವ್ವನೋ ಅತ್ತೆಯೋ ಜೊತೆಗೆ ಬರುವುದಾದರೆ ಅವರ ಊಟ ವಸತಿಯೂ ನಮ್ಮದೇ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಬರುವ ಖರ್ಚಿನ ಚಿಂತೆಯೂ ಕಡಿಮೆ. ಹಾಡುವವರಲ್ಲಿ, ಕಲಿಸುವವರಲ್ಲಿ ಅರ್ಧದಷ್ಟು ಅಕ್ಕಂದಿರೇ ಇದ್ದರೂ ಸಹಿ ಹಾಕುವ ಜಾಗದಲ್ಲಿ ಅವರು ಕಾಣುವುದು ಅಪರೂಪ. ನಿಮ್ಮ ಇಬ್ಬರಲ್ಲಿ ಒಬ್ಬರು ಮಹಿಳೆ ಇದ್ದರೆ ಆಯ್ಕೆಯಲ್ಲಿ ಆದ್ಯತೆ ಕೊಡುತ್ತೇವೆ.

ಇಂಗ್ಲಿಷ್ ಬರುವುದಿಲ್ಲ.

ಬೇಕಾಗಿಲ್ಲ. ಮಾತು ನಮ್ಮ ಕಡೆಯ ಕನ್ನಡದಲ್ಲಿ. ಬೀದರಿನವರು ಉರ್ದು, ಮರಾಠಿ ಬೆರೆಸುತ್ತಾರೆ, ಗುರುಮಠಕಲ್ ಕಡೆಯವರು ತೆಲುಗು ಬೆರೆಸುತ್ತಾರೆ, ಎಲ್ಲರಿಗೂ ಎಲ್ಲವೂ ತಿಳಿಯುತ್ತದೆ. ಅರ್ಜಿಗಳು ಇಂಗ್ಲಿಷಿನಲ್ಲಿ ಇರುವಲ್ಲಿ ಸಾಲು ಸಾಲಾಗಿ ಕನ್ನಡದಲ್ಲಿ ವಿವರಿಸುತ್ತೇವೆ.

ಯಾವ ತಿಂಗಳು ನಡೆಯುತ್ತದೆ?

ಆಷಾಢದಲ್ಲಿ. ಮದುವೆ ಇಲ್ಲ, ಜಾತ್ರೆ ಕಡಿಮೆ. ಶ್ರಾವಣ ಬಂದರೆ ಮಠಗಳಲ್ಲಿ ಪುರಾಣ, ಭಜನೆ ಶುರು. ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರಿನಲ್ಲಿ ರಾಜ್ಯೋತ್ಸವ, ಆಮೇಲೆ ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆಯವರೆಗೆ ಯಾರಿಗೂ ಉಸಿರಾಡಲು ಬಿಡುವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಕೆಲವು ವರ್ಷ ಆಷಾಢಕ್ಕೇ ತಾಗುತ್ತದೆ. ನಮ್ಮ ಎಷ್ಟೋ ಕಲಾವಿದರು ಮೊಹರಂನ ಅಲಾಯಿ ಕುಣಿತ ಆಡುವವರು, ರಿವಾಯತ್ ಪದ ಹಾಡುವವರು, ಆದ್ದರಿಂದ ಆ ದಿನಗಳನ್ನು ಬಿಟ್ಟೇ ತಾರೀಖು ಹಾಕುತ್ತೇವೆ. ಶುಕ್ರವಾರದಿಂದ ಭಾನುವಾರ. ಶಾಲಾ ಮಾಸ್ತರರು ಒಂದೆರಡು ದಿನ ರಜೆ ಹಾಕಿದರೆ ಸಾಕು. ತೊಗರಿ ಬಿತ್ತನೆ ತಡವಾದ ವರ್ಷ ಹೇಳಿ, ಮುಂದಿನ ತಂಡಕ್ಕೆ ಹೆಸರು ಹಾಕಿಕೊಳ್ಳೋಣ.

ಬೀದರಿಗೆ ಬರುವುದು ಹೇಗೆ?

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬಸ್ಸು ಬೇಕಾದಷ್ಟಿವೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ರೈಲೂ ಇದೆ. ಯಾದಗಿರಿಯವರು ರೈಲಿನಲ್ಲಿ ಕಲಬುರಗಿಗೆ ಬಂದು ಬದಲಿಸಿ. ಸುರಪುರ, ಶಹಾಪುರದವರಿಗೆ ದೂರ ಜಾಸ್ತಿ, ಹಿಂದಿನ ರಾತ್ರಿಯೇ ಬಂದು ಇಳಿದರೂ ಕೋಣೆ ತೆರೆದಿರುತ್ತದೆ.

ಶುಲ್ಕವೆಷ್ಟು? ಕೊಡಲಾಗದಿದ್ದರೆ?

ಸಂಸ್ಥೆಯ ಹಿಂದಿನ ವರ್ಷದ ಒಟ್ಟು ಖರ್ಚನ್ನು ನೋಡಿ ಶುಲ್ಕ ಹೇಳುತ್ತೇವೆ, ಎಲ್ಲರಿಗೂ ಒಂದೇ ಅಲ್ಲ. ಕೊಡಲಾಗದವರು ಹಾಗೆಂದು ಒಂದು ಸಾಲು ಬರೆದರೆ ಸಾಕು. ಕೊಡುವ ಮೊತ್ತ ಎಷ್ಟೇ ಇರಲಿ, ಅದು ಸಂಸ್ಥೆಯ ಖಾತೆಯಿಂದ ಬರಬೇಕು, ನಿಮ್ಮ ಕಿಸೆಯಿಂದ ಬೇಡ. ಕಾರ್ಯಕಾರಿ ಸಮಿತಿಯಲ್ಲಿ ಠರಾವು ಮಾಡಿ ಅದರ ನಕಲು ಲಗತ್ತಿಸಿ. ನೀವು ಶಿಬಿರಕ್ಕೆ ಹೋಗುತ್ತಿರುವುದು, ಯಾರ ಜೊತೆ ಹೋಗುತ್ತಿರುವುದು ಸಮಿತಿಯ ಎಲ್ಲರಿಗೂ ಗೊತ್ತಿರಬೇಕು.

ಊಟ?

ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು. ಸಕ್ಕರೆ ಕಾಯಿಲೆ, ಬಿಪಿ ಇರುವವರು ಅರ್ಜಿಯಲ್ಲೇ ಬರೆಯಿರಿ.

ಪ್ರಮಾಣಪತ್ರ ಕೊಡುತ್ತೀರಾ? ಅದರಿಂದ ಅನುದಾನಕ್ಕೆ ಅನುಕೂಲವಾಗುತ್ತದೆಯೇ?

ಕೊಡುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಾಗಲಿ ಅಕಾಡೆಮಿಗಳಾಗಲಿ ಕೇಳುವುದು ನಿಮ್ಮ ಕೆಲಸದ ದಾಖಲೆ, ಆಡಿಟ್ ವರದಿ, ಹಿಂದಿನ ಅನುದಾನದ ಬಳಕೆ ಪ್ರಮಾಣಪತ್ರ. ಅವನ್ನು ಹೊಂದಿಸುವುದು ಕಲಿತರೆ ಗೋಡೆಗೆ ಹಾಕುವ ಕಾಗದ ಬೇಕಾಗುವುದಿಲ್ಲ.

ಇದೇ ರೀತಿಯ ತರಬೇತಿ ಬೇರೆ ಕಡೆ ಇದೆಯೇ?

ಇದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ರಂಗತಂಡಗಳ ನಿರ್ವಹಣೆ ಕುರಿತು 'ಸ್ಮಾರ್ಟ್' ಎಂಬ ತರಬೇತಿ ನಡೆಸಿದೆ. ಅವಕಾಶ ಸಿಕ್ಕರೆ ಕಿರಿಯರನ್ನು ಕಳಿಸಿ.

ಬರುವಾಗ ಏನೇನು ತರಬೇಕು?

ನಿಮ್ಮ ಚೀಲ, ಇದ್ದಂತೆಯೇ. ಶಿಬಿರಕ್ಕೆಂದು ಜೋಡಿಸಿ ಅಚ್ಚುಕಟ್ಟು ಮಾಡಬೇಡಿ. ಜೊತೆಗೆ ಬೈಲಾ ಅಥವಾ ಟ್ರಸ್ಟ್ ಡೀಡ್, ಮೂರು ವರ್ಷದ ಆಡಿಟ್ ವರದಿ, ನಡಾವಳಿ ಪುಸ್ತಕ, ಕಳೆದ ಸಲ ಮಾಡಿದ ಯಾವುದಾದರೂ ಒಂದು ಕಾರ್ಯಕ್ರಮದ ಎಲ್ಲ ಬಿಲ್ಲುಗಳು. ಹೊದಿಕೆ ನಮ್ಮಲ್ಲಿದೆ.

ಶಿಬಿರ ಮುಗಿದ ಮೇಲೆ?

ಮೂರನೆಯ ತಿಂಗಳಲ್ಲಿ ನಮ್ಮಲ್ಲೊಬ್ಬರು ನಿಮ್ಮ ಊರಿಗೆ ಬರುತ್ತಾರೆ, ಆರನೆಯ ತಿಂಗಳಲ್ಲಿ ಮತ್ತೊಮ್ಮೆ. ಬಂದಾಗ ನಿಮ್ಮನ್ನಲ್ಲ, ಕಿರಿಯರನ್ನು ಮಾತಾಡಿಸುತ್ತೇವೆ. ನೀವು ಬರೆದ ಆರು ತಿಂಗಳ ಕಾಗದ ಅವರ ಕೈಯಲ್ಲಿರಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಯಿತೇ, ಒಟಿಪಿಯ ನಂಬರ್ ಬದಲಾಯಿತೇ, ಟ್ರಂಕಿನ ಎರಡನೆಯ ಕೀಲಿ ಮಾಡಿಸಿದ್ದಾಯಿತೇ ಎಂದು ಅವರನ್ನೇ ಕೇಳುತ್ತೇವೆ. ಆಗದೆ ಉಳಿದಿದ್ದರೆ ಅವತ್ತೇ ಜೊತೆಯಲ್ಲಿ ಬ್ಯಾಂಕಿಗೆ ಹೋಗಿ ಬರುತ್ತೇವೆ. ಹಾಗಾಗಿ ಭೇಟಿಯ ದಿನ ಸಂಜೆ ತಾಲೀಮು ಇಟ್ಟುಕೊಳ್ಳಿ, ಬೆಳಿಗ್ಗೆ ಮಾತ್ರ ಬಿಡುವು ಮಾಡಿಕೊಳ್ಳಿ.